ಬಟಾಣಿಗಿಂತ ಚಿಕ್ಕ ನೀಲಿ ತುಣುಕು

ಹಾರ್ಲಿಂಗನ್
ಜೂನ್ ೧೨, ಬುಧವಾರ

ಪ್ರೀತಿಯ ನಿಂಕೆ,

ಹೇಗಿದ್ದೀಯಮ್ಮಾ? ಕೆಮ್ಮು ಹೋಯಿತೇ? ಆ ರೀವ ಹಕ್ಕಿಗಳು ಇನ್ನೂ ನಿನ್ನ ನೆತ್ತಿ ಕುಕ್ಕುತ್ತಿವೆಯೇ? ದ್ವೀಪದಲ್ಲಿ ನೋಡುವವರು ಯಾರೂ ಇಲ್ಲವೆಂದು ಟೋಪಿ ಬಿಟ್ಟು ತಿರುಗಬೇಡ, ಹಕ್ಕಿ ಕಾಯಲು ಹೋದವಳು ಹಕ್ಕಿಯಿಂದಲೇ ಗಾಯ ಮಾಡಿಕೊಂಡು ಬಂದರೆ ಊರವರು ನಗುತ್ತಾರೆ. ದೋಣಿಯವನ ಕೈಯಲ್ಲಿ ಸಕ್ಕರೆ ಬ್ರೆಡ್ಡು, ಎರಡು ಜೊತೆ ಉಣ್ಣೆಯ ಕಾಲುಚೀಲ, ಒಂದು ಹೊಸ ಚಾರ್ಜರ್ ಕಳಿಸಿದ್ದೇನೆ. ಬ್ರೆಡ್ಡನ್ನು ಇವತ್ತೇ ತಿನ್ನಲು ಶುರುಮಾಡು. ಚಾರ್ಜರ್ ಯಾಕೆಂದು ಈ ಪತ್ರ ಓದಿದ ಮೇಲೆ ಗೊತ್ತಾಗುತ್ತದೆ. ನಾನು ಚೆನ್ನಾಗಿದ್ದೇನೆ. ಅಪ್ಪನ ವಿಷಯ ಬರೆಯಲೆಂದೇ ಕೂತಿದ್ದೇನೆ, ಅವಸರದಲ್ಲಿ ಅಕ್ಷರ ಸೊಟ್ಟಗಾದರೆ ಬೈಯಬೇಡ.

ಕಳೆದ ವಾರದ ದೋಣಿಯಲ್ಲಿ ಕಳಿಸಿದ ಪತ್ರ ಓದಿ ನೀನು ಎಷ್ಟು ಅತ್ತೆಯೋ. ಅಪ್ಪನ ಬುದ್ಧಿ ಕದಡುತ್ತಿದೆ, ಮರೆವಿನವರನ್ನು ನೋಡಿಕೊಳ್ಳುವ ಆರೈಕೆ ಮನೆಯಲ್ಲಿ ಒಂದು ಕೋಣೆ ಸಿಕ್ಕಿದೆ, ಒಪ್ಪಿಗೆಯ ಕಾಗದಕ್ಕೆ ನಾನು ಸಹಿ ಹಾಕಿದ್ದೇನೆ, ನೀನೂ ಹಾಕಿ ವಾಪಸು ಕಳಿಸು ಎಂದು ಬರೆದಿದ್ದೆ. ಸುಮ್ಮನೆ ಬರೆದದ್ದಲ್ಲ. ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ಹೋದ ಮೇಲೆ ಅವರಿಗೆ ನಾಲಿಗೆಯಾಗಿದ್ದದ್ದು ಆ ಟ್ಯಾಬ್ಲೆಟ್ ಒಂದೇ ತಾನೆ. ಚಿತ್ರ ಒತ್ತಿದರೆ ಅದು ಮಾತಾಡುತ್ತದೆ, ರೈಲು ನಿಲ್ದಾಣದ ಗಂಡಸಿನ ದನಿಯಲ್ಲಿ. ನೀನು ಹೊರಡುವಾಗ ಎಡಗೈಯಲ್ಲಿ ಎಷ್ಟು ಚುರುಕಾಗಿ ಒತ್ತುತ್ತಿದ್ದರು! ಮೇ ತಿಂಗಳಲ್ಲಿ ಎಲ್ಲ ಕೆಟ್ಟಿತು. ಕಾಫಿ ಬೇಕೇ ಎಂದರೆ "ಹಸು" ಎನ್ನುವುದು. ಕಾಲು ನೋಯುತ್ತಿದೆಯೇ ಎಂದರೆ "ಸೂಪು. ಸೂಪು. ಕಿಟಕಿ" ಎನ್ನುವುದು. ಮಾತು ಕಲಿಸಲು ಬರುವ ಮಾರ್ಲೂಸ್ ಮೂರು ಸಲ ಪರೀಕ್ಷೆ ಮಾಡಿ, ನನ್ನನ್ನು ಅಡುಗೆಮನೆಗೆ ಕರೆದು, "ಇದು ಬರೀ ಮಾತಿನ ತೊಂದ್ರೆ ಅಲ್ಲ ಅನ್ಸುತ್ತೆ, ಫ್ರೌಕ್ಯಾ. ಒಳಗೇ ಏನೋ ಜಾರ್ತಾ ಇದೆ" ಎಂದಳು. ನಾನು ನಂಬಿದೆ. ನಲವತ್ತನಾಲ್ಕು ವರ್ಷ ಜೊತೆಗೆ ಬಾಳಿದವಳು, ನಂಬಿಬಿಟ್ಟೆ.

ಇನ್ನು ನನ್ನ ಘನಕಾರ್ಯ ಕೇಳು. ಟ್ಯಾಬ್ಲೆಟ್ಟಿನ ಜೊತೆಗೆ ಬಂದಿದ್ದ ಚಾರ್ಜರಿನ ಮೇಲೆ ಏಪ್ರಿಲ್ಲಿನಲ್ಲಿ ಗಾಲಿಕುರ್ಚಿ ಹತ್ತಿಸಿ ಮುರಿದವಳು ನಾನೇ. ರಾಜನ ಹುಟ್ಟುಹಬ್ಬದ ದಿನ ಊರೆಲ್ಲ ಬೀದಿಯಲ್ಲಿ ಕಂಬಳಿ ಹಾಸಿ ಅಟ್ಟದ ಸಾಮಾನು ಮಾರಲು ಕೂರುತ್ತದಲ್ಲ, ಅಲ್ಲಿ ಒಬ್ಬ ಹೆಂಗಸಿನ ಕಂಬಳಿಯ ಮೇಲೆ, ಕಿವಿ ಮುರಿದ ಚಹಾ ಬಟ್ಟಲುಗಳ ನಡುವೆ, ಬೆಳ್ಳಗೆ ಹೊಳೆಯುವ ಚಾರ್ಜರ್ ಇತ್ತು. ಒಂದು ಯೂರೋ. ಅದಕ್ಕೂ ಚೌಕಾಸಿ ಮಾಡಿ ಒಂದು ಬಟ್ಟಲನ್ನೂ ಸೇರಿಸಿಕೊಂಡು, ಗೆದ್ದವಳ ಹಾಗೆ ಮನೆಗೆ ಬಂದೆ. ಟ್ಯಾಬ್ಲೆಟ್ಟಿನ ಬ್ಯಾಟರಿ ಹಳೆಯದು, ಪ್ಲಗ್ಗಿಗೆ ಕಟ್ಟಿಹಾಕಿದರೇ ಅದು ಬದುಕುವುದು, ಹಾಗಾಗಿ ಇಡೀ ದಿನ ಆ ಬಿಳಿ ಚಾರ್ಜರ್ ಗೋಡೆಯಲ್ಲೇ ಇರುತ್ತಿತ್ತು. ನಿನ್ನಪ್ಪನಿಗೆ ಆಗಲೇ ಒಂದು ಹೊಸ ಚಟ ಹತ್ತಿತು. ಎಡಗೈ ಚಾಚಿ ಪ್ಲಗ್ ಕೀಳುವುದು. ನಾನು ಚುಚ್ಚುವುದು, ಅವರು ಕೀಳುವುದು. "ಮಗುವಿನ ಹಾಗೆ ಆಡ್ಬೇಡ ವೀಬೆ, ಚಾರ್ಜ್ ಆಗ್ಲಿ" ಎಂದು ಗದರಿಸುತ್ತಿದ್ದೆ. ಮಾರ್ಲೂಸ್ ತನ್ನ ಪುಸ್ತಕದಲ್ಲಿ "ವೈರು ಕೀಳುತ್ತಾರೆ" ಎಂದು ಬರೆದುಕೊಂಡಳು. ಕೊನೆಗೆ ನಾನು ಹೊಲಿಗೆಯ ಕಪಾಟನ್ನು ತಳ್ಳಿ ಆ ಪ್ಲಗ್ಗಿಗೆ ಅಡ್ಡ ನಿಲ್ಲಿಸಿದೆ.

ಕಳೆದ ಶನಿವಾರ ಆ ಚಾರ್ಜರ್ ಕುಯ್ ಎಂದು ಸಣ್ಣಗೆ ರಾಗ ಎಳೆಯಲು ಶುರುಮಾಡಿತು, ಮುಟ್ಟಿದರೆ ಬಿಸಿ. ಬೇರೆಯವರಾದರೆ ಎಸೆಯುತ್ತಿದ್ದರು. ನಾನು ಎಸೆಯುವ ಪೈಕಿಯೇ? ಚರ್ಚಿನ ಹಿಂದಿನ ಕೋಣೆಯಲ್ಲಿ ತಿಂಗಳಿಗೊಮ್ಮೆ ಊರಿನ ಮುದುಕರು ಕೂತು ಕೆಟ್ಟದ್ದನ್ನೆಲ್ಲ ಪುಕ್ಕಟೆ ರಿಪೇರಿ ಮಾಡಿಕೊಡುತ್ತಾರಲ್ಲ, ಅಪ್ಪನನ್ನೂ ಟ್ಯಾಬ್ಲೆಟ್ಟನ್ನೂ ಗಾಲಿಕುರ್ಚಿಯಲ್ಲಿ ಹೇರಿಕೊಂಡು ಅಲ್ಲಿಗೇ ಹೋದೆ. ಹಡಗುಗಳಿಗೆ ವಿದ್ಯುತ್ ಕೆಲಸ ಮಾಡಿ ನಿವೃತ್ತನಾದ ಡುರ್ಕ್ ಇದ್ದ. ಚಾರ್ಜರ್ ನೋಡಿದವನೇ, "ಇದನ್ನ ರಿಪೇರಿ ಮಾಡೋದಾ? ಇದಕ್ಕೆ ಶವಸಂಸ್ಕಾರ ಮಾಡ್ಬೇಕು ಕಣಮ್ಮಾ" ಎಂದ. ನನಗೆ ಕೋಪ ಬಂತು. "ಮೊದ್ಲು ಚುಚ್ಚಿ ನೋಡು, ಆಮೇಲೆ ಮಾತಾಡು" ಎಂದೆ. ಅವನು ಟ್ಯಾಬ್ಲೆಟ್ಟನ್ನು ಮೇಜಿನ ನಡುವೆ ಇಟ್ಟು, ಚಾರ್ಜರ್ ಚುಚ್ಚಿ, ಕೈಕಟ್ಟಿ ಕೂತ.

ನಿಂಕೆ, ಟ್ಯಾಬ್ಲೆಟ್ ಮಾತಾಡತೊಡಗಿತು. ಯಾರೂ ಮುಟ್ಟಿರಲಿಲ್ಲ. ಅಪ್ಪ ಎರಡು ಮಾರು ದೂರ ಇದ್ದರು, ನನ್ನ ಕೈ ನನ್ನ ಚೀಲದ ಮೇಲಿತ್ತು. ಅದು ತನ್ನಷ್ಟಕ್ಕೆ ತಾನೇ "ಹಸು" ಎಂದಿತು. ಸ್ವಲ್ಪ ತಡೆದು "ಸೂಪು. ಸೂಪು. ಕಿಟಕಿ" ಎಂದಿತು. ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಬಟ್ಟಲು ಕೆಳಗಿಟ್ಟರು. ತಲಾ ಒಂದೇ ಬಿಸ್ಕತ್ತು ಕೊಟ್ಟು ಡಬ್ಬ ಮುಚ್ಚುವ ಪಾದ್ರಿಯ ಹೆಂಡತಿ ಡಬ್ಬವನ್ನು ತೆರೆದೇ ನಿಂತಳು. ಒಂದು ತಿಂಗಳು ನನ್ನ ಗಂಡನ ಮಾತೆಂದು ನಾನು ಕೇಳಿದ್ದು, ಕೇಳಿ ಅತ್ತದ್ದು, ಈ ಯಂತ್ರದ ಮಾತು. ಡುರ್ಕ್ ಪ್ಲಗ್ ಕಿತ್ತ, ಮಾತು ನಿಂತಿತು. ಚುಚ್ಚಿದ, "ಹಸು." ಅಪ್ಪನ ಕಡೆ ತಿರುಗಿದೆ. ಅವರ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಬಾಯಿ ಮಾತ್ರ ಒಂದು ಪಕ್ಕಕ್ಕೆ ನಗುತ್ತಿತ್ತು.

ಡುರ್ಕ್ ನನ್ನ ಚಾರ್ಜರನ್ನೂ ತನ್ನದೊಂದು ಕೆಟ್ಟುಹೋದ, ಆದರೆ ಒಳ್ಳೆಯ ಕಂಪನಿಯ ಚಾರ್ಜರನ್ನೂ ಬಿಚ್ಚಿ ಭೂತಗನ್ನಡಿಯ ಕೆಳಗೆ ಇಟ್ಟ. ಇಷ್ಟು ವರ್ಷ ಗೋಡೆಗೆ ಚುಚ್ಚಿದ್ದೇನೆ, ಅದರೊಳಗೆ ಒಂದು ಊರೇ ಇದೆಯೆಂದು ಯಾರು ಬಲ್ಲರು! ಒಂದು ದಂಡೆಯಲ್ಲಿ ಗೋಡೆಯಿಂದ ಬರುವ ಇನ್ನೂರ ಮೂವತ್ತು ವೋಲ್ಟ್, ಎತ್ತನ್ನೂ ಬೀಳಿಸುವಷ್ಟು. ಇನ್ನೊಂದು ದಂಡೆಯಲ್ಲಿ ಮಗು ಮುಟ್ಟಬಹುದಾದ ಐದು. ನಡುವೆ ಬೇಕೆಂದೇ ಖಾಲಿ ಬಿಟ್ಟ ಜಾಗ, ನನ್ನ ಕಿರುಬೆರಳಿನ ಅಗಲ. ನನ್ನದರಲ್ಲಿ ಆ ಜಾಗ ಒಂದು ಕೂದಲೆಳೆ. ಒಳ್ಳೆಯದರಲ್ಲಿ ಎರಡು ದಂಡೆಗೂ ಕಾಲಿಟ್ಟು ಒಂದು ನೀಲಿ ತುಣುಕು ಕೂತಿತ್ತು, ಬಟಾಣಿಗಿಂತ ಚಿಕ್ಕದು. ತಂತಿಯಲ್ಲಿ ನುಸುಳುವ ಗಲಾಟೆಯನ್ನು ಅದು ವಾಪಸು ಅಟ್ಟುತ್ತದಂತೆ. ಅದಿಲ್ಲದಿದ್ದರೆ ಆ ಗಲಾಟೆಯನ್ನೇ ಬೆರಳೆಂದು ಟ್ಯಾಬ್ಲೆಟ್ ತಿಳಿಯುತ್ತದಂತೆ. ನನ್ನದರಲ್ಲಿ ಅದಕ್ಕೆಂದು ಕೊರೆದ ಎರಡು ತೂತು ಮಾತ್ರ ಇದ್ದವು. ಕಾಸು ಉಳಿಸಲು ಯಾರೋ ಎಲ್ಲೋ ಹಾಕದೆ ಬಿಟ್ಟ ಒಂದು ನೀಲಿ ತುಣುಕಿಗೆ ನನ್ನ ವೀಬೆ ಮನೆ ಬಿಟ್ಟು ಹೋಗಬೇಕಾಗಿತ್ತು.

ಹೊಸದನ್ನು ಡುರ್ಕನನ್ನೇ ಎಳೆದುಕೊಂಡು ಹೋಗಿ ಕೊಂಡೆ. ಅಂಗಡಿಯವನ ಮುಂದೆ ಅವನು ಒಂದೊಂದನ್ನೂ ಕೋಳಿಮೊಟ್ಟೆಯ ಹಾಗೆ ಅಂಗೈಯಲ್ಲಿ ತೂಗಿದ, ಹಗುರವಾದದ್ದನ್ನು ಕೆಳಗಿಟ್ಟ. "ಸುರಕ್ಷತೆಯ ಗುರುತು ಯಾರು ಬೇಕಾದ್ರೂ ಅಚ್ಚು ಹಾಕ್ಬಹುದು, ಮಾಡ್ದವ್ನ ಹೆಸ್ರು, ವಿಳಾಸ ಇದ್ಯಾ ನೋಡು. ಟ್ಯಾಬ್ಲೆಟ್ ಬೇಡೋ ಅಷ್ಟನ್ನ ಇದು ಕೊಡುತ್ತಾ ಓದ್ಕೋ. ರಸೀದಿ ಇಲ್ದೆ ತಗೋಬೇಡ. ಕಂಬಳಿ ಮೇಲಿಂದ ಬಟ್ಲು ತಗೋ, ಚಾರ್ಜರ್ ತಗೋಬೇಡ" ಎಂದ. ನಿನಗೆ ಕಳಿಸಿದ್ದು ಅದರದೇ ಜೋಡಿ. ಗುಡಿಸಲಿನಲ್ಲಿ ನೀನು ಯಾವುದನ್ನು ಚುಚ್ಚುತ್ತೀಯೋ ಎಂಬ ಭಯ ನನಗೆ.

ಮನೆಗೆ ಬಂದು ಹೊಸದನ್ನು ಚುಚ್ಚಲು ಹೊಲಿಗೆಯ ಕಪಾಟನ್ನು ಮತ್ತೆ ಈಚೆಗೆ ಎಳೆಯಬೇಕಿತ್ತು. ಅರ್ಧ ಎಳೆದಾಗ ಹೊಳೆಯಿತು. ಒಂದು ತಿಂಗಳು ಆ ಮನುಷ್ಯ ಸುಮ್ಮನಿರಲಿಲ್ಲ, ನಿಂಕೆ. ಮಾತಿಲ್ಲ, ಬಲಗೈಯಿಲ್ಲ, ಟ್ಯಾಬ್ಲೆಟ್ ತನ್ನ ಬಾಯಿಗೆ ಬಂದದ್ದು ಬಡಬಡಿಸುತ್ತಿದೆ, ನಾವು ಅಡುಗೆಮನೆಯಲ್ಲಿ ಪಿಸುಗುಡುತ್ತಿದ್ದೇವೆ. ಆದರೂ ರೋಗ ಎಲ್ಲಿದೆಯೆಂದು ಒಬ್ಬರೇ ಕಂಡುಹಿಡಿದು, ದಿನಕ್ಕೆ ಹತ್ತು ಸಲ ಕೈ ಚಾಚಿ ನಮಗೆ ತೋರಿಸುತ್ತಿದ್ದರು. ಹಡಗು ದಾಟಲೆಂದು ಮೂವತ್ತು ವರ್ಷ ಕಾಲುವೆಯ ಸೇತುವೆ ಎತ್ತಿ ಇಳಿಸಿದವರಿಗೆ ಯಾವುದರಿಂದ ಯಾವುದು ಆಗುತ್ತದೆಂದು ತಿಳಿಯದೇ? ತಿಳಿಯದವಳು ನಾನು. ಮೊಣಕಾಲೂರಿ ಅವರ ಎಡಗೈ ಹಿಡಿದು ಕ್ಷಮಿಸು ಎಂದೆ. ಅವರು ಕೈ ಬಿಡಿಸಿಕೊಂಡು ಟ್ಯಾಬ್ಲೆಟ್ ಒತ್ತಿದರು: "ಹೇಳಿದೆ. ಹೇಳಿದೆ. ಹೇಳಿದೆ." ಆಮೇಲೆ ನನ್ನ ತಲೆ ಸವರಿ "ಕಾಫಿ" ಎಂದರು. ನಿನ್ನಪ್ಪನೇ ಅಲ್ಲವೇ!

ಮಾರ್ಲೂಸ್ ನಿನ್ನೆ ಬಂದು ಮತ್ತೆ ಪರೀಕ್ಷೆ ಮಾಡಿದಳು. ಒಂದೂ ತಪ್ಪಲಿಲ್ಲ. ತನ್ನ ಪುಸ್ತಕದ ಹಾಳೆಗಳನ್ನು ಹರಿದಳು, ಅವಳೂ ಅತ್ತಳು. ದೋಣಿಯವನು ಹೊರಗೆ ಶಿಳ್ಳೆ ಹೊಡೆಯುತ್ತಿದ್ದಾನೆ, ಭರತ ಇಳಿಯುವ ಮೊದಲು ಹೊರಡಬೇಕಂತೆ. ದೇವರು ನಿನ್ನನ್ನೂ ನಿನ್ನ ಹಕ್ಕಿಮರಿಗಳನ್ನೂ ಚೆನ್ನಾಗಿಟ್ಟಿರಲಿ. ಕಾಲು ಒದ್ದೆ ಮಾಡಿಕೊಳ್ಳಬೇಡ.

ನಿನ್ನ ಅಮ್ಮ,
ಫ್ರೌಕ್ಯಾ

ಮರೆತಿದ್ದೆ: ಅಯ್ಯೋ, ಮುಖ್ಯವಾದದ್ದನ್ನೇ ಬರೆದಿಲ್ಲ! ಲಕೋಟೆ ಅಂಟಿಸುತ್ತಿದ್ದೆ, ಅಪ್ಪ ಮಗುವಿನಂತೆ ನನ್ನ ತೋಳು ಜಗ್ಗಿ ನಿಲ್ಲಿಸಿದರು. ಅವರು ಒತ್ತಿದ್ದನ್ನು ಒತ್ತಿದ ಹಾಗೇ ಬರೆಯುತ್ತೇನೆ: "ನಿಂಕೆ. ಕಾಗದ. ಸಹಿ. ಬೇಡ. ನಾನು. ಇಲ್ಲಿ." ಆ ಒಪ್ಪಿಗೆಯ ಕಾಗದದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ, ಅಡುಗೆಮನೆಯ ನಮ್ಮ ಪಿಸುಮಾತೆಲ್ಲ ಕೇಳಿಸಿಕೊಂಡಿದ್ದರು. ಸಹಿ ಹಾಕಿದ್ದರೂ ದೋಣಿಗೆ ಕೊಡಬೇಡ, ಒಲೆಗೆ ಹಾಕು.