ಎರಡಾಗಿ ಕೊಯ್ದ ಮೇಜು

ಫೆಬ್ರವರಿ ೧೨, ಬುಧವಾರ

ಪ್ರೀತಿಯ ಅಪ್ಪಾ,

ನೀನು ತಾತನಾಗುತ್ತಿದ್ದೀಯ! ಹೋದ ವಾರವೇ ಡಾಕ್ಟರು ಹೇಳಿದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೇ ಕುಣಿದೆ. ನಿನ್ನ ಅಳಿಯ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಾ ತಾನೇ ಎಡವಿದ. ತಡವಾಗಿ ಬರೆಯುತ್ತಿದ್ದೇನೆ, ಬಯ್ಯಬೇಡ. ಫೋನಿನಲ್ಲಿ ಹೇಳಿದರೆ ನೀನು "ಸಂತೋಷ ಪುಟ್ಟೀ, ಪಾಸ್‌ಪೋರ್ಟ್ ಫೋಟೋಗೆ ಗಿರಾಕಿ ಬಂದಿದ್ದಾರೆ, ಇಡ್ತೀನಿ" ಎಂದು ಸ್ಟುಡಿಯೋದೊಳಗೆ ಮಾಯವಾಗುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು. ಕಾಗುಣಿತ ತಪ್ಪಿದ್ದರೆ ನಗಬೇಡ, ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿಸಿದವನು ನೀನೇ.

ಈಗ ನನ್ನ ಸಿಟ್ಟು ಕೇಳು. ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಆ ಹಳೇ ಸಿನಿಮಾ ಬಂತು. ಡೈವೋರ್ಸಿಗೆ ಹೊರಟ ಗಂಡ ಹೆಂಡತಿ ಒಂದೇ ಮನೆಯಲ್ಲಿ ಕಚ್ಚಾಡುತ್ತಾರಲ್ಲ, ಅವಳು ಅವನ ಕೋಟುಗಳ ಎಡತೋಳು ಕತ್ತರಿಸುತ್ತಾಳೆ, ಅವನು ಊಟದ ಮೇಜನ್ನು ಗರಗಸದಲ್ಲಿ ಎರಡಾಗಿ ಕೊಯ್ಯುತ್ತಾನೆ, ಅದೇ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಮೂವರೂ ಒಂದೇ ಸೋಫಾದಲ್ಲಿ ಕೂತು ನೋಡಿದ್ದೆವು. ಮೇಜು ಉರುಳಿದಾಗ ನೀನೂ ಅಮ್ಮನೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕಿದ್ದಿರಿ. ಏನೂ ಅರ್ಥವಾಗದೆ ನಾನೂ ನಕ್ಕಿದ್ದೆ.

ಈ ಸಲ ಮೈಯೆಲ್ಲ ಉರಿಯಿತು! ನಿನ್ನ ಅಳಿಯ ಹಲ್ಲಿನ ಡಾಕ್ಟರಲ್ಲವೇ, ಮೂವತ್ತೆರಡೂ ಕಾಣುವಂತೆ ನಗುತ್ತಿದ್ದ.

"ಆ ಮಗು ಎಲ್ಲಿ ಹೋಯ್ತು?" ಎಂದೆ.

"ಯಾವ ಮಗು?"

"ಮೊದಲು ಸೈಕಲ್ ಹೊಡೀತಿದ್ದಳಲ್ಲ, ಅವರ ಮಗಳು!"

"ಹಾಸ್ಟೆಲ್ಲಿಗೆ ಹಾಕಿದ್ರಲ್ಲ. ಕಾಮಿಡಿ ಕಣೇ ಇದು, ಇಲ್ಲಿ ಮಗು ಯಾಕೆ?"

ಮಗು ಯಾಕಂತೆ! ರಿಮೋಟು ಕಿತ್ತುಕೊಂಡು ಟೀವಿ ಆರಿಸಿದೆ. ಕೋಟಿನ ತೋಳನ್ನು ಅಷ್ಟು ಹೊತ್ತು ತೋರಿಸಿದವರಿಗೆ ಅವಳ ಮುಖ ಒಂದು ಸಲ ತೋರಿಸಲು ಏನಾಗಿತ್ತು? ರಜೆಗೆ ಬಂದರೆ ಅವಳು ಯಾವ ಅರ್ಧ ಮೇಜಿನಲ್ಲಿ ಉಣ್ಣಬೇಕು?

ನೀನೂ ಅಮ್ಮನೂ ಬೇರೆಯಾದಾಗ ಮೇಜು ಕೊಯ್ಯಲಿಲ್ಲ, ಒಪ್ಪಿದೆ. ಆದರೆ ಮಿಕ್ಸಿ ಅಮ್ಮನ ಜೊತೆ ಹೋಯಿತು, ಅದರ ಮುಚ್ಚಳ ನಿನ್ನ ಹತ್ತಿರ ಉಳಿಯಿತು. ಇವತ್ತಿಗೂ ಅವಳು ತಟ್ಟೆ ಮುಚ್ಚಿಯೇ ರುಬ್ಬುತ್ತಾಳೆ. ಅವಳು ಕೇಳುವುದಿಲ್ಲ, ನೀನು ಕೊಡುವುದಿಲ್ಲ! ಮಗುವಿನ ವಿಷಯ ಹೇಳಿದಾಗ ಅತ್ತಳು, ನಕ್ಕಳು, ಆಮೇಲೆ "ನಿಮ್ಮಪ್ಪ ನೋಡೋಕೆ ಬರೋ ದಿನ ಹೇಳು, ಆವತ್ತು ನಾನು ಬರಲ್ಲ" ಎಂದಳು. ಇನ್ನೂ ಹುಟ್ಟೇ ಇಲ್ಲ ಅಪ್ಪಾ, ಆಗಲೇ ಪಾಲು!

ಹೊತ್ತಿಗೆ ಸರಿಯಾಗಿ ಊಟ ಮಾಡು. ನಮ್ಮಿಬ್ಬರನ್ನೂ ಹರಸು, ಹೊಟ್ಟೆಯೊಳಗಿರುವವರನ್ನು ಸ್ವಲ್ಪ ಹೆಚ್ಚಾಗಿ ಹರಸು.

ನಿನ್ನ
ಪುಟ್ಟಿ

ತಾ.ಕ.: ಟೀವಿ ಆರಿಸಿದ ಮೇಲೆ ನನ್ನ ಮದುವೆಯ ಆಲ್ಬಮ್ ತೆಗೆದೆ. ಎಲ್ಲದರಲ್ಲೂ ಅಮ್ಮ ನನ್ನ ಬಲಕ್ಕಿದ್ದಾಳೆ. ನೀನು ಒಂದರಲ್ಲೂ ಇಲ್ಲ. "ನನ್ನ ಮಗಳ ಫೋಟೋ ನಾನೇ ತೆಗೀಬೇಕು" ಎಂದೆಯಲ್ಲ, ಜನ ಕಣ್ಣೊರೆಸಿಕೊಂಡರು. ಅಮ್ಮನ ಜೊತೆ ನಿಲ್ಲಬಾರದೆಂದು ನೀನು ಕ್ಯಾಮೆರಾ ಹಿಂದೆ ಅಡಗಿದ್ದೆ ಎಂದು ನನಗೆ ಗೊತ್ತಿತ್ತು. ಆದರೂ ಪ್ರತಿ ಫೋಟೋಗೂ ನೀನು "ನಗು" ಎಂದೆ, ನಾನು ನಕ್ಕೆ. ಈ ಸಲ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಟೈಮರ್ ಇಡು. ನಿನ್ನ ಹತ್ತಿರ ಬರುವಾಗ ಅಮ್ಮನನ್ನೂ ಕರೆತರುತ್ತಿದ್ದೇನೆ. ಎರಡು ದಿನ ಜಗಳವಾಡಿದ ಮೇಲೆ "ಮುಚ್ಚಳಕ್ಕೋಸ್ಕರ ಬರ್ತೀನಿ, ಅಷ್ಟೇ" ಎಂದಿದ್ದಾಳೆ. ಮುಚ್ಚಳ ತೊಳೆದಿಡು. ಇಪ್ಪತ್ತಮೂರರ ಭಾನುವಾರ, ಬೆಳಗಿನ ಪ್ಯಾಸೆಂಜರ್ ರೈಲು.