ಹಿಮ ಓಗೊಡುವುದಿಲ್ಲ

ಜುಗ್ದಿದಿ
ಫೆಬ್ರವರಿ ೧೮, ಭಾನುವಾರ

ಮುದ್ದಿನ ತಂಗಿ ಎತೇರಿಗೆ,

ನಮ್ಮ ಕಣಿವೆಯ ಕರಡಿಗಳು ನನ್ನ ಅಪ್ಪಣೆಯಿಲ್ಲದೆ ಚಳಿಗಾಲದ ನಿದ್ದೆಗೆ ಹೋಗುವುದಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಅಂಥ ನಿನ್ನ ಅಣ್ಣ ಮುರ್ಜಾ ಕ್ಷೇಮ. ನಿನ್ನ ಸೊಂಟನೋವು ಹೇಗಿದೆ? ನೀನು ನೋಡಿಕೊಳ್ಳುವ ಆ ಇಟಲಿಯ ಅಜ್ಜಿಯನ್ನು ನೀನೊಬ್ಬಳೇ ಎತ್ತಿ ಕೂರಿಸಬೇಡ, ಅವಳ ಮಗನನ್ನು ಕರೆ; ದೊಡ್ಡ ಮನುಷ್ಯನಾದರೇನು, ಅವನಿಗೂ ಎರಡು ಕೈ ಇವೆಯಲ್ಲ. ಈ ಪತ್ರದ ಜೊತೆ ಇಟಲಿಗೆ ಬರುವ ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ಗಟ್ಟಿ ಚೀಸು, ಒಂದು ಸೀಸೆ ಬೆಳ್ಳುಳ್ಳಿ ಉಪ್ಪು ಕೊಟ್ಟಿದ್ದೇನೆ. ಚೀಸು ನಾನೇ ಮಾಡಿದ್ದು. ಹಸುವೂ ಸ್ವಲ್ಪ ಸಹಾಯ ಮಾಡಿತು ಅನ್ನು.

ಮನೆಯಿಂದಲ್ಲದೆ ಜುಗ್ದಿದಿಯ ಆಸ್ಪತ್ರೆಯಿಂದ ಬರೆಯುತ್ತಿದ್ದೇನೆಂದು ಗಾಬರಿಯಾಗಬೇಡ. ಪಕ್ಕದ ಮನೆಯ ದಾಲಿ ನಿನಗೆ ಫೋನು ಮಾಡಿ ಏನೇನೋ ಊದಿದ್ದಾಳಂತೆ. ನಿನ್ನ ಮಗ ಓತಾರ್ ಬದುಕಿದ್ದಾನೆ. ನನ್ನೆದುರಿಗೇ ಮಲಗಿದ್ದಾನೆ. ಕಾಲಿಗೆ ಚಳಿ ಹತ್ತಿದೆ, ವೈದ್ಯರು ನೋಡುತ್ತಿದ್ದಾರೆ. ಓತಾರನನ್ನು ಬೆಟ್ಟದ ಮೇಲೆ ಬಿಟ್ಟು ಮುರ್ಜಾ ಮನೆಗೆ ಬಂದು ಬಿಸಿ ಸೂಪು ಕುಡಿದ ಎಂದಳಂತೆ ದಾಲಿ. ಸೂಪು ಕುಡಿದದ್ದು ನಿಜ. ಮಿಕ್ಕಿದ್ದನ್ನು ನನ್ನ ಬಾಯಿಂದಲೇ ಕೇಳು, ಆಮೇಲೆ ಬೈಯುವುದಿದ್ದರೆ ಬೈ.

ನೀನು ಫೋನಿನಲ್ಲಿ ಮಗನನ್ನು 'ಅಮ್ಮಾ, ಊಟ ಮಾಡಿದ್ಯಾ ಅಮ್ಮಾ' ಎಂದು ಕರೆಯುವುದನ್ನು ಕೇಳಿ ಆ ಅಜ್ಜಿ ಬೆರಗಾಗಿ, 'ನಿನಗೆಷ್ಟು ಜನ ತಾಯಂದಿರೇ, ಅದರಲ್ಲೊಬ್ಬಳಿಗೆ ಗಂಡಸಿನ ದನಿ ಹೇಗೆ ಬಂತು' ಎಂದು ಕೇಳಿದಳು ಎಂದು ಬರೆದಿದ್ದೆಯಲ್ಲ, ಓದಿ ಓತಾರನೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ತಾಯಿ ಮಗನನ್ನು ಅಮ್ಮಾ ಎನ್ನುವುದು, ಮಾಮ ಅಳಿಯನನ್ನು ಮಾಮಾ ಎನ್ನುವುದು ನಮ್ಮಲ್ಲಿ ಹುಟ್ಟಿನಿಂದ ಬಂದದ್ದು. ಪ್ರೀತಿಯ ಆ ಮಾತೇ ನಮ್ಮನ್ನು ಹೀಗೆ ಕೊಲ್ಲಲು ಬರುತ್ತದೆಂದು ಯಾರಿಗೆ ಗೊತ್ತಿತ್ತು.

ಆ ದಿನ ಗಾಳಿ ಜೋರಾಗಿದ್ದರಿಂದ ಬೆಟ್ಟದ ಮೇಲಕ್ಕೊಯ್ಯುವ ಕುರ್ಚಿ ಲಿಫ್ಟು ನಿಲ್ಲಿಸಿದ್ದರು. ಓತಾರ್ ಹಿಮದಲ್ಲಿ ಜಾರುವ ತನ್ನ ಹಲಗೆ, ಆ ಸ್ನೋಬೋರ್ಡನ್ನು ತಬ್ಬಿಕೊಂಡು ಅಂಗಳದಲ್ಲಿ ಮುಖ ಊದಿಸಿ ನಿಂತಿದ್ದ. ನಾನು ಸುಮ್ಮನಿರಬೇಕಿತ್ತು. 'ಏನ್ ಮಾಮಾ, ಕುರ್ಚಿ ಮೇಲೆ ಕೂರಿಸ್ಕೊಂಡು ಹೋಗೋರಿಲ್ದಿದ್ರೆ ನಿನ್ ಹಲಗೆ ಬೆಟ್ಟ ಹತ್ತಲ್ವಾ? ನಮ್ಮಜ್ಜ ಕುರ್ಚಿ ಮೇಲೆ ಕೂತ್ಕೊಂಡು ಬೇಟೆಗೆ ಹೋಗ್ತಿದ್ನಾ?' ಎಂದು ಕೆಣಕಿದೆ. ಅವನು ಬಿಡುತ್ತಾನೆಯೇ, ನಿನ್ನ ಹೊಟ್ಟೆಯಲ್ಲಿ ಹುಟ್ಟಿದವನು. 'ನಡಿ ಮಾಮಾ, ಕೊರುಲ್ದಿ ಬೆಟ್ಟಾನೇ ಹತ್ತೋಣ. ಇಳಿಯೋವಾಗ ನಾನು ಹಲಗೆ ಮೇಲೆ, ನೀನು ಹೊಟ್ಟೆ ಮೇಲೆ' ಎಂದ. ಅವನು ಬೋರ್ಡನ್ನು ಬೆನ್ನಿಗೆ ಬಿಗಿದುಕೊಂಡ, ನಾನು ಅಜ್ಜನ ಕಾಲದ ಬಳ್ಳಿ ಹೆಣೆದ ಹಿಮಜೋಡು ಕಟ್ಟಿಕೊಂಡೆ. ಬೆಟ್ಟದ ಏಣಿನ ಹತ್ತಿರ ಬರುವಷ್ಟರಲ್ಲಿ ಗಾಳಿ ಹಲಗೆಗೆ ಹೊಡೆದು ಅವನನ್ನು ಗಾಳಿಪಟದಂತೆ ಎಳೆದಾಡುತ್ತಿತ್ತು. 'ಸಾಕು ಮಾಮಾ, ಇಳಿಯೋಣ' ಎಂದು ಎರಡು ಸಲ ಹೇಳಿದ. ಮೋಡ ನನ್ನ ಮಾತು ಕೇಳುತ್ತದೆ, ಇನ್ನೊಂದು ಗಳಿಗೆಯಲ್ಲಿ ಸರಿಯುತ್ತದೆ ಎಂದು ನಾನು ಅವನನ್ನು ಇನ್ನೂ ಮೇಲಕ್ಕೆ ಹತ್ತಿಸಿದೆ. ಸರಿಯಲಿಲ್ಲ. ನಮ್ಮ ಮೇಲೇ ಇಳಿಯಿತು. ಚಾಚಿದ ಕೈ ಕಾಣಲಿಲ್ಲ ಎತೇರಿ.

'ನಾನು ಮೆಲ್ಲಗೆ ಮುಂದೆ ಜಾರ್ತೀನಿ, ಕೆಳಗಿನ ಬಂಡೆ ಹತ್ರ ನಿಂತಿರ್ತೀನಿ, ನೀನು ಕರೀತಾ ಬಾ' ಎಂದು ಹೇಳಿ ಹೋದ. ನಾನು ಕರೆಯುತ್ತಾ ಇಳಿದೆ. ಮಾಮಾ ಎಂದು ಕೂಗಿದೆ. ಎಡಗಡೆಯಿಂದ ಮಾಮಾ ಎಂದು ಕೇಳಿತು. ಇನ್ನೊಮ್ಮೆ ಕೂಗಿದೆ, ಇನ್ನೊಮ್ಮೆ ಕೇಳಿತು. ನಿನ್ನ ಅಣ್ಣನ ತಲೆಯಲ್ಲಿ ಏನಿತ್ತು ಗೊತ್ತೇ? ನನ್ನ ಗಂಟಲಿಗೆ ಬೆಟ್ಟವೇ ಪ್ರತಿಧ್ವನಿಯಾಗಿ ಓಗೊಡುತ್ತಿದೆಯಲ್ಲ ಎಂಬ ಹೆಮ್ಮೆ. ಹುಡುಗ ಚಿಗರೆಯಂತೆ ಜಾರಿ ಮನೆ ಸೇರಿರಬೇಕು, ನನ್ನನ್ನು ನೋಡಿ ನಗಲು ಒಲೆಯ ಮುಂದೆ ಕಾಯುತ್ತಿರಬೇಕು ಎಂದುಕೊಂಡು ಬಲಕ್ಕೆ ತಿರುಗಿ ಇಳಿದುಬಿಟ್ಟೆ. ಹಿಂದಿನಿಂದ ಬಹಳ ಹೊತ್ತು ಕೇಳುತ್ತಿತ್ತು. ನಾನು ಕೂಗುವುದನ್ನು ನಿಲ್ಲಿಸಿದ ಮೇಲೂ ಕೇಳುತ್ತಿತ್ತು.

ಮನೆಯಲ್ಲಿ ಸೂಪು ಬಟ್ಟಲಿಗೆ ಬಗ್ಗಿಸಿಕೊಂಡು ಅರ್ಧ ಕುಡಿದಿದ್ದೆ. ಅವನು ಎಲ್ಲೋ ಗೆಳೆಯರ ಮನೆಗೆ ಹೋಗಿದ್ದಾನೆ ಎಂದುಕೊಂಡೇ ಕುಡಿದೆ. ಹೊಸ ಹಿಮ ಸದ್ದನ್ನೆಲ್ಲ ಹೀರಿಕೊಳ್ಳುತ್ತದೆ, ಅದರಲ್ಲಿ ಕೂಗಿದರೆ ಬೆಟ್ಟ ಓಗೊಡುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳಿದವನು ನಾನು. ಅದು ಆಗ ನೆನಪಾಯಿತು. ಬಟ್ಟಲು ಎಲ್ಲಿ ಬಿತ್ತೋ ತಿಳಿಯದು. ದಾಲಿಯ ಗಂಡನನ್ನೂ ಅವನ ತಮ್ಮನನ್ನೂ ಎಳೆದುಕೊಂಡು ಮತ್ತೆ ಹತ್ತಿದೆ. ಕತ್ತಲಾಗುವ ಮುಂಚೆ ಹಿಮದಲ್ಲಿ ನೆಟ್ಟ ಬೋರ್ಡಿನ ಕೆಂಪು ತುದಿ ಕಂಡಿತು. ಅವನು ಬಂಡೆಯ ಸಂದಿಗೆ ಬಿದ್ದಾಗ ಹಲಗೆಗೆ ಕಾಲು ಬಿಗಿಯುವ ಪಟ್ಟಿ ಕಿತ್ತು, ಎಡಗಾಲಿನ ಬೂಟು ಕಳಚಿ ಹೂತುಹೋಗಿತ್ತು. ಬೋರ್ಡಿನಿಂದಲೇ ಗುಂಡಿ ತೋಡಿಕೊಂಡು ಒಳಗೆ ಮುದುಡಿ ಕೂತಿದ್ದ. ಬೈಯಲಿಲ್ಲ. 'ಮಾಮಾ, ಅಷ್ಟು ಹತ್ರ ಇದ್ಯಲ್ಲ. ನನ್ ಮೇಲೆ ಕೋಪ ಬಂದಿತ್ತಾ?' ಎಂದು ಮಾತ್ರ ಕೇಳಿದ. ನನ್ನ ಟೋಪಿ ಕಳಚಿ ಅವನ ಎಡಗಾಲಿಗೆ ತೊಡಿಸಿದೆ.

ಈಗ ಪಕ್ಕದ ಮಂಚದ ಮುದುಕನಿಗೆ ಇಸ್ಪೀಟು ಕಲಿಸುತ್ತಿದ್ದಾನೆ, ಮೋಸವನ್ನೂ ಸೇರಿಸಿ. ಗಂಜಿ ಬೇಡವಂತೆ, ಆಲೂಗಡ್ಡೆ-ಚೀಸಿನ ರೊಟ್ಟಿಯೇ ಆಗಬೇಕಂತೆ. ದಾಲಿಯ ಮೇಲೆ ಕೋಪ ಬೇಡ, ಅವಳ ಗಂಡನೇ ಅವನನ್ನು ಹೊತ್ತು ತಂದದ್ದು. ಆ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ನಮ್ಮ ಮನೆಯ ಹಳೇ ಕಲ್ಲುಗೋಪುರದ ದೇವರು ನಿನ್ನ ಸೊಂಟವನ್ನೂ ಮನಸ್ಸನ್ನೂ ಗಟ್ಟಿಯಾಗಿಡಲಿ.

ನಿನ್ನ ಅಣ್ಣ,
ಮುರ್ಜಾ

ಮರೆತಿದ್ದೆ: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಕಾಲಿನ ವಿಷಯ ನಿನ್ನ ಹತ್ತಿರ ಬಾಯಿ ಬಿಡಕೂಡದೆಂದು ಓತಾರ್ ನನ್ನ ಕೈಯನ್ನು ದೇವರ ಪಟದ ಮೇಲೆ ಇರಿಸಿ ಆಣೆ ಮಾಡಿಸಿಕೊಂಡಿದ್ದಾನೆ. ಬರೆಯಕೂಡದು ಎಂದಿಲ್ಲ. ಎಡಗಾಲಿನ ಐದೂ ಬೆರಳು ಕಪ್ಪಾಗಿವೆ, ಶುಕ್ರವಾರ ಕತ್ತರಿಸಿ ತೆಗೆಯುತ್ತಾರೆ, ಪಾದದಲ್ಲಿ ಎಷ್ಟು ಉಳಿಯುತ್ತದೆ ಎಂದು ವೈದ್ಯರು ಹೇಳುತ್ತಿಲ್ಲ. ಪತ್ರ ಬುಧವಾರ ಸಿಗುತ್ತದೆ. ವಿಮಾನ ಹಿಡಿದು ಬಾ. ಆಪರೇಷನ್ ಕೋಣೆಯ ಬಾಗಿಲ ಹೊರಗೆ ಒಬ್ಬನೇ ಕೂರಲು ನನಗೆ ಧೈರ್ಯವಿಲ್ಲ.