ಬಾಗಿಲ ಮೇಲಿನ ಆ ಹಲಗೆಯನ್ನು ಇಳಿಸಿರಿ

ಪಡಿತರದ ಸಾಲಿನಲ್ಲಿ ನಿಂತಿರುವ ಅಪಾಚೆ ಬಂಧುಗಳೇ, ಕುದುರೆ ಕಟ್ಟಿ ಬಂದ ಹಿರಿಯರೇ, ಬೆನ್ನಿಗೆ ಕೂಸಿನ ತೊಟ್ಟಿಲು ಬಿಗಿದ ತಾಯಂದಿರೇ, ಕಿವಿಗೊಡಿ! ಈ ಪತ್ರ ಅಮೆರಿಕ ಸರ್ಕಾರದ ಪರವಾಗಿ ನಮ್ಮನ್ನಾಳುವ ಬಿಳಿಯ ಅಧಿಕಾರಿಗೆ. ಅವರಿಗೆ ಪುರುಸೊತ್ತಿಲ್ಲದಿದ್ದರೆ ನೀವಾದರೂ ಕೇಳಿಸಿಕೊಳ್ಳಿ.

ಅಧಿಕಾರಿ ಮಹಾಶಯರೇ, ತಾವು ಕಟ್ಟಿಸಿದ ಓದುಮನೆಯ ಬಾಗಿಲ ಮೇಲೆ ತೀರಿಹೋದ ನನ್ನ ಹೆಂಡತಿಯ ಹೆಸರು ಬರೆಸಿದ್ದೀರಿ. ಆಹಾ, ಏನು ಔದಾರ್ಯ! ಬದುಕಿದ್ದಾಗ ಒಂದು ಕಂಬಳಿಗಾಗಿ ಚಳಿಗಾಲವೆಲ್ಲ ಅವಳನ್ನು ಅಲೆಸಿದ ಕಚೇರಿ, ಸತ್ತ ಮೇಲೆ ಕೆಂಪು ಬಣ್ಣದಲ್ಲಿ ಸನ್ಮಾನಿಸಿದೆ. ನಮ್ಮಲ್ಲಿ ಸತ್ತವರ ಹೆಸರನ್ನು ಯಾರೂ ಆಡುವುದಿಲ್ಲ. ಆಡಿದರೆ ಪರಲೋಕದ ದಾರಿಯಲ್ಲಿ ಹೋಗುತ್ತಿರುವವರು ಹಿಂತಿರುಗುತ್ತಾರೆ. ಅದಕ್ಕೆಂದೇ ಅವಳ ಹುಲ್ಲುಮನೆಯನ್ನೂ ಅವಳು ಹೆಣೆದ ಬುಟ್ಟಿಗಳನ್ನೂ ಸುಟ್ಟೆವು. ಅದು ಅನಾಗರಿಕತೆ ಎಂದಿರಿ. ಈಗ ಮಕ್ಕಳೆಲ್ಲ ದಿನವೂ ಹಲಗೆಯನ್ನು ಗಟ್ಟಿಯಾಗಿ ಓದಿ ಅವಳನ್ನು ಕರೆಯುತ್ತಿದ್ದಾರೆ. ಇದು ನಾಗರಿಕತೆಯೋ?

ಬಣ್ಣ ಬಳಿದವನು ಯಾರು? ನನ್ನ ಮಗನೇ! ತಮ್ಮ ವಸತಿಶಾಲೆ ಅವನ ಕೂದಲು ಕತ್ತರಿಸಿ, ‘ಹೊರೇಸ್’ ಎಂದು ಹೆಸರಿಟ್ಟು ಕಳಿಸಿತ್ತಲ್ಲ, ಅವನೇ.

“ಅದು ಗೌರವ ಕಣಪ್ಪಾ. ಬಿಳಿಯರು ದೊಡ್ಡೋರಿಗೆಲ್ಲ ಹಂಗೇ ಮಾಡೋದು,” ಎಂದ.

“ನಿಮ್ಮವ್ವ ಯಾವಾಗ ಬಿಳಿಯೋಳಾದ್ಲೋ?”

“ಶಾಲೇಲಿ ನಮ್ಮ ಮಾತೇ ಅರ್ಧ ಮರ್ತೋಯ್ತು. ಅವ್ವನ ಹೆಸರೂ ಹೋಗ್ಬಿಟ್ರೆ? ಹೆದ್ರಿ ಬರ್ದೆ.”

“ಅವಳ ಪಾಡಿಗೆ ಅವಳು ದಾರಿ ಹಿಡ್ದು ಹೋಗ್ತಾವ್ಳೆ. ನೀನು ಬಾಗಿಲಲ್ಲಿ ನಿಂತು ‘ಬಾ, ಬಾ’ ಅಂತೀಯಲ್ಲೋ! ಎತ್ಲಾಗ್ ಹೋಗ್ಬೇಕು ಅವಳು?”

ಅವನು ನಮ್ಮವರು ದಿಕ್ಕು ತೋರಿಸುವಂತೆ ತುಟಿ ಚಾಚದೆ, ತಮ್ಮ ಬಿಳಿಯರಂತೆ ಬೆರಳು ಚಾಚಿ ಕಚೇರಿಯನ್ನು ತೋರಿಸಿದ. “ಸಾಹೇಬ್ರನ್ನೇ ಕೇಳು, ಹೋಗು.”

ಇಗೋ, ಕೇಳುತ್ತಿದ್ದೇನೆ: ಹಲಗೆ ಇಳಿಸಿರಿ! ಹೆಸರಿಡಲೇಬೇಕೆಂದಿದ್ದರೆ ಗತಿಸಿದ ತಮ್ಮ ತಾಯಿಯ ಹೆಸರಿಡಿ. ಕರೆದದ್ದಕ್ಕೆ ಓಗೊಟ್ಟು ಬಂದರೆ ಎದುರುಗೊಳ್ಳುವ ಹೊಣೆಯೂ ತಮ್ಮದೇ.

ಇಳಿಸುವುದಿಲ್ಲವೋ? ಇನ್ನೊಂದು ಮಾತು ಕೇಳಿ. ಅಪಾಚೆಯನ್ನು ಮುಖದೆದುರು ಅವನ ನಿಜವಾದ ಹೆಸರು ಹಿಡಿದು ಬೇಡಿದರೆ ಅವನು ಇಲ್ಲವೆನ್ನುವ ಹಾಗಿಲ್ಲ. ಅದಕ್ಕೇ ನಾವು ಹಾಗೆ ಕರೆಯುವುದು ತೀರ ಅಪರೂಪ. ಮಗನನ್ನು ನಾನು ಒಮ್ಮೆಯೂ ಹಾಗೆ ಕರೆದಿಲ್ಲ. ನಾಳೆ ಬೆಳಿಗ್ಗೆ, ಬಿಸಿಲು ಹಲಗೆಯನ್ನು ಮುಟ್ಟುವ ಹೊತ್ತಿಗೆ, ಎಲ್ಲರ ಎದುರು ಆ ಬಾಗಿಲಲ್ಲಿ ನಿಂತು ಅವನ ಅವ್ವ ಇಟ್ಟ ಹೆಸರಿನಿಂದ ಅವನನ್ನು ಕರೆಯುತ್ತೇನೆ. ಅವನು ತಿರುಗಿ ನೋಡಿದರೆ, ಹಲಗೆ ಕೀಳೆಂದು ಬೇಡಿ ಕೈಗೆ ಸುತ್ತಿಗೆ ಕೊಡುತ್ತೇನೆ.

ಇಂತಿ,
ತಮ್ಮ ಪಡಿತರ ಪಟ್ಟಿಯಲ್ಲಿ ‘ಹೊರೇಸನ ಅಪ್ಪ’ನಾಗಿ ಮಾತ್ರ ಉಳಿದಿರುವವನು